ಸೋಶಿಯಲ್ ವರ್ಕ್‌ನ್ಯಾಗ ಅಡ್ವೊಕಸಿ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಫೀಲ್ಡಿಗೆ ಇಳಿಯೋರು ಪದೇ ಪದೇ ಕೇಳೋ ಪ್ರಶ್ನೆಗಳು

ಎಂಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್ ಮಾಸ್ಟರ್ ಡಿಗ್ರಿ) ಹುಡುಗ್ರು ಫೀಲ್ಡ್‌ವರ್ಕಿಗೆ ಬಂದ ಮೊದಲನೇ ತಿಂಗಳದಾಗ ಕೇಳೋವು, ಹೊಸದಾಗಿ ಎನ್‌ಜಿಓ ಸೇರಿದವರು ಕೇಳೋವು, ಮತ್ತ ಕೆಲವು ಹತ್ತು ವರ್ಷ ಸರ್ವಿಸ್ ಆದವರೂ ಮೆಲ್ಲಕ ಸೈಡಿಗೆ ಕರದು ಕೇಳೋವು, ಎಲ್ಲಾ ಒಂದ ಕಡೆ ಬರದೀನಿ. ಪರೀಕ್ಷಾಕ ಬೇಕಾದ ಉತ್ತರ ಲೈಬ್ರರಿಯೊಳಗ ಸಿಗ್ತಾವ, ಇಲ್ಲೆ ಇರೋವು ತಹಶೀಲ್ದಾರ್ ಆಫೀಸಿನ ಬಾಗಲಾಗ ನಿಂತಾಗ ಕೆಲಸಕ್ಕ ಬರೋವು.

ಅಡ್ವೊಕಸಿ ಅಂದ್ರ ಏನ್ರಿ ಖರೇ? ಕೌನ್ಸೆಲಿಂಗ್ ಮಾಡಿ ಧೈರ್ಯ ಹೇಳಿದ್ರ ಸಾಲೂದಿಲ್ಲೇನು?

ಕುಂದಗೋಳ ಕಡೆ ಒಂದು ಹಳ್ಳಿಯೊಳಗ ಒಬ್ಬಾಕಿ ಅಜ್ಜಿ ಅದಾಳ ಅಂತ ತಿಳ್ಕೋರಿ, ಸಂಧ್ಯಾ ಸುರಕ್ಷಾ ಪಗಾರ (ವಯಸ್ಸಾದವರಿಗೆ ಸರ್ಕಾರ ಕೊಡೋ ಪಿಂಚಣಿ) ಆರು ತಿಂಗಳಿಂದ ನಿಂತೈತಿ, ಪೋಸ್ಟಿಗೆ ಹೋದ್ರ ಬ್ಯಾಂಕಿಗೆ ಹೋಗು ಅಂತಾರ, ಬ್ಯಾಂಕಿನವರು ನಾಡಕಚೇರಿಗೆ ಹೋಗು ಅಂತಾರ, ನಾಡಕಚೇರಿಯವರು ನಮ್ಮ ಕಡೆಯಿಂದ ಎಲ್ಲಾ ಸರಿ ಐತಿ ಆಧಾರ್ ಲಿಂಕ್ ನೋಡ್ಕೋ ಅಂತಾರ. ಅಜ್ಜಿಗೆ ರಾತ್ರಿ ನಿದ್ದಿ ಇಲ್ಲ, ಸೊಸಿ ಕೂಡ ಜಗಳ, ಊಟ ಬಿಟ್ಟಾಳ. ಇಕಿಗೆ ನೀವು ವಾರಕ್ಕೊಮ್ಮೆ ಕುಂದ್ರಿಸಿ ಎಷ್ಟ ಚಂದ ಕೌನ್ಸೆಲಿಂಗ್ ಮಾಡಿದ್ರೂ ರೊಕ್ಕ ಬರೂದಿಲ್ಲ, ಯಾಕಂದ್ರ ತೊಂದ್ರಿ ಅಕಿ ಮನಸ್ಸಿನ್ಯಾಗ ಇಲ್ಲ, ಮೂರು ಆಫೀಸಿನ ನಡುವ ಐತಿ. ಆ ನಡುವಿನ ಜಾಗಾದಾಗ ಹೋಗಿ ಅಜ್ಜಿ ಜೋಡಿ ನಿಂದ್ರೂದಕ್ಕ ಅಡ್ವೊಕಸಿ ಅಂತಾರ.

"ಜೋಡಿ" ಅನ್ನೂದು ಮುಖ್ಯ. ಅಜ್ಜಿನ್ನ ಮನ್ಯಾಗ ಬಿಟ್ಟು ನೀವ ಹೋಗಿ ಕೆಲಸ ಮಾಡಿಸ್ಕೊಂಡು ಬಂದ್ರ ಅದು ಉಪಕಾರ, ಮುಂದಿನ ಸಲ ಪಗಾರ ನಿಂತಾಗ ಅಕಿ ಮತ್ತ ನಿಮ್ಮ ಫೋನ್ ನಂಬರ್ ಹುಡುಕಬೇಕು.

ಕೌನ್ಸೆಲಿಂಗ್ ಬ್ಯಾಡ ಅಂತ ಹೇಳಾಕತ್ತಿಲ್ಲ ಮತ್ತ. ಎರಡೂ ಒಂದ ಕೈಯಿಂದ ಆಗೋ ಕೆಲಸ. ಆದ್ರ ನಮ್ಮ ಟ್ರೇನಿಂಗಿನ್ಯಾಗ ಮಾತಾಡೂದು ಕಲಸ್ತಾರ, ಅರ್ಜಿ ಬರಿಯೂದು ಕಲಸೂದಿಲ್ಲ, ಹಿಂಗಾಗಿ ಹೊಸ ಹುಡುಗ್ರಿಗೆ ಎಂಪಥಿ ಭಾಳ ಇರ್ತೈತಿ, ಯಾವ ಆಫೀಸಿನ ಯಾವ ಟೇಬಲ್ ಅನ್ನೂದು ಗೊತ್ತಿರೂದಿಲ್ಲ.

ನಮ್ಮ ಕಡೆ ಮಂದಿ ಇದನ್ನ ವಶೀಲಿ ಅಂತಾರಲ್ರಿ? ನಿಮಗ ಸಾಹೇಬ್ರ ಪರಿಚಯ ಐತಿ, ಒಂದು ಮಾತು ಹೇಳ್ರಿ ಅಂತಾರ.

ಅಂತಾರ, ಮತ್ತ ಅವರದೇನೂ ತಪ್ಪಿಲ್ಲ. ಇಲ್ಲೆ ಕೆಲಸ ಆಗಿದ್ದು ಹೆಚ್ಚಾಗಿ ಹಂಗ, ಅಪ್ಪ ಕಂಡಿದ್ದು ಅದನ್ನ, ಮಗ ಕಂಡಿದ್ದು ಅದನ್ನ. ಎದುರಿಗೆ ನೋಡಾಕ ಎರಡೂ ಒಂದ ಥರಾ ಕಾಣ್ತಾವ ಸೈತ, ಒಬ್ಬ ಓದಿದಾವ ಬಡವರ ಸಲುವಾಗಿ ಆಫೀಸರ್ ಮುಂದ ಕುಂತು ಮಾತಾಡಾಕತ್ತಾನ.

ಫರಕು ಏನಂದ್ರ, ವಶೀಲಿಯೊಳಗ ಸಾಹೇಬ್ರು ನಿಮ್ಮ ಮಾರಿ ನೋಡಿ ಮಾಡಿಕೊಡ್ತಾರ, ಅದರ ಲೆಕ್ಕ ನಿಮ್ಮ ಮ್ಯಾಲ ಉಳಿತೈತಿ, ನಾಳೆ ಅವರಿಗೇನೋ ಬೇಕಾದಾಗ ನೀವು ಗಪ್ಪ ಕುಂದ್ರಬೇಕಾಕ್ಕೈತಿ. ಅಡ್ವೊಕಸಿಯೊಳಗ ನೀವು ತೋರಿಸೂದು ನಿಯಮ. ಈ ಸರ್ವಿಸ್ ಸಕಾಲ ಕಾಯ್ದೆದಾಗ (ಸರ್ಕಾರಿ ಸೇವಾ ಇಂತಿಷ್ಟು ದಿನದೊಳಗ ಕೊಡಬೇಕು ಅನ್ನೋ ಕಾಯ್ದೆ) ಐತಿ, ಇಷ್ಟು ದಿನದಾಗ ಕೊಡಬೇಕು, ಅರ್ಜಿ ಕೊಟ್ಟು ಇಷ್ಟು ದಿನ ಆತು, ಯಾಕ ಕೊಟ್ಟಿಲ್ಲ ಬರದು ಕೊಡ್ರಿ. ಮುಗೀತು. ಸಾಹೇಬ್ರು ಬದಲಾದ್ರೂ ಈ ಮಾತು ಹಂಗ ನಿಂದರ್ತೈತಿ.

ಇನ್ನೊಂದು. ವಶೀಲಿ ಹಚ್ಚಿದಾಗ ಲೈನಿನ್ಯಾಗ ಮುಂದ ನಿಂತ ಇನ್ನೊಬ್ಬ ಬಡವ ಹಿಂದ ಹೋಗ್ತಾನ, ಅವನೂ ಯಾರದೋ ಕ್ಲೈಂಟ್ ಆಗಿರಬಹುದು. ನಿಯಮದ ಪ್ರಕಾರ ಒಂದು ಕೆಲಸ ಆತಂದ್ರ ಹಿಂದ ನಿಂತಾವಗೂ ದಾರಿ ಸಡಿಲ ಆಕ್ಕೈತಿ.

ಪ್ರಾಮಾಣಿಕವಾಗಿ ಹೇಳ್ಬೇಕಂದ್ರ ಪರಿಚಯ ಇರೂದು ಕೆಟ್ಟದ್ದಲ್ಲ. ಸಿಡಿಪಿಓ (ಮಕ್ಕಳ ಅಭಿವೃದ್ಧಿ ಯೋಜನಾ ಅಧಿಕಾರಿ) ಆಫೀಸಿನ ಕ್ಲರ್ಕಿಗೆ ನಿಮ್ಮ ಹೆಸರು ಗೊತ್ತಿರಬೇಕು, ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಫೋನ್ ಎತ್ತಬೇಕು, ಇಲ್ಲಂದ್ರ ಕೆಲಸ ನಡಿಯೂದಿಲ್ಲ. ಪರಿಚಯದಿಂದ ಬಾಗಲಾ ತಗಸ್ರಿ, ಒಳಗ ಹೋದಮ್ಯಾಲ ಮಾತು ಮಾತ್ರ ಕಾಗದದ ಮ್ಯಾಲಿಂದ ಆಗಲಿ.

ಕೇಸ್ ಅಡ್ವೊಕಸಿ, ಕಾಸ್ ಅಡ್ವೊಕಸಿ ಅಂತ ನೋಟ್ಸಿನ್ಯಾಗ ಐತಿ. ಫೀಲ್ಡಿನ್ಯಾಗ ಹೆಂಗ ಗೊತ್ತಾಗೂದು ಯಾವುದು ಯಾವುದು ಅಂತ?

ಒಬ್ಬರ ಸಲುವಾಗಿ ಮಾಡೂದು ಕೇಸ್ ಅಡ್ವೊಕಸಿ, ಒಂದು ಗುಂಪಿಗೇ ಆಗಾಕತ್ತಿದ್ದ ಅನ್ಯಾಯಕ್ಕ ನಿಯಮಾನ ಬದಲಿ ಮಾಡ್ರಿ ಅನ್ನೂದು ಕಾಸ್ ಅಡ್ವೊಕಸಿ. ಫೀಲ್ಡಿನ್ಯಾಗ ಒಂದರಿಂದ ಇನ್ನೊಂದು ಹುಟ್ತೈತಿ. ಗೃಹಲಕ್ಷ್ಮಿ 2000 ರೂಪಾಯಿ ಬಂದಿಲ್ಲ ಅಂತ ಒಬ್ಬಾಕಿ ಬಂದ್ಲು, ಬ್ಯಾಂಕಿನ ಆಧಾರ್ ಮ್ಯಾಪಿಂಗ್ ತಪ್ಪಿತ್ತು, ಸರಿ ಮಾಡಿಸಿದ್ರಿ. ಅದ ಓಣ್ಯಾಗಿಂದ ಅದ ಬ್ಯಾಂಕಿನ ಅದ ತಕರಾರು ತಗೊಂಡು ಸಾಲಾಗಿ ಹೆಣ್ಮಕ್ಕಳು ಬರಾಕ ಹತ್ತಿದ್ರಂದ್ರ ಇನ್ನ ಒಬ್ಬೊಬ್ಬರ್ದ ಮಾಡ್ಕೊಂತ ಕುಂದ್ರೂದರಾಗ ಅರ್ಥಿಲ್ಲ, ಎಲ್ಲಾರ್ದೂ ಒಂದು ಪಟ್ಟಿ ಮಾಡಿ ಬ್ಯಾಂಕ್ ಮ್ಯಾನೇಜರಗೆ ಒಂದು ಕಾಪಿ, ಲೀಡ್ ಬ್ಯಾಂಕಿಗೆ (ಜಿಲ್ಲಾದ ಬ್ಯಾಂಕುಗಳ ಕೆಲಸ ಕೂಡಿಸಿ ನೋಡೋ ಬ್ಯಾಂಕ್) ಒಂದು ಕಾಪಿ, ಓಣ್ಯಾಗ ಕ್ಯಾಂಪ್ ಹಾಕ್ರಿ ಅಂತ ಕೇಳಬೇಕು.

ಜೇನ್ ಆಡಮ್ಸ್ ಹೆಸರು ಎಲ್ಲಾರೂ ಬಾಯಿಪಾಠ ಮಾಡಿರ್ತೀರಿ, 1889ರಾಗ ಶಿಕಾಗೋದಾಗ ಹಲ್ ಹೌಸ್ ಅನ್ನೋ, ಬಡವರ ಓಣ್ಯಾಗ ಇದ್ದು ಕೆಲಸ ಮಾಡೋ ಕೇಂದ್ರ ಶುರು ಮಾಡಿದಾಕಿ, 1931ರಾಗ ನೊಬೆಲ್ ಶಾಂತಿ ಬಹುಮಾನ ಬಂತು. ಅಷ್ಟಕ್ಕ ಬಿಡಬ್ಯಾಡ್ರಿ. ಅಕಿ ಇದ್ದ ವಾರ್ಡಿನ್ಯಾಗ ಕಸ ಕೊಳತು ಮಕ್ಕಳು ಬ್ಯಾನಿ ಬೀಳಾಕತ್ತಿದ್ವು, ಮನಿ ಮನಿಗೆ ಹೋಗಿ ಸ್ವಚ್ಛತಾ ಪಾಠ ಹೇಳಿದ್ರ ಏನೂ ಆಗಂಗಿಲ್ಲ ಅಂತ ಗೊತ್ತಾಗಿ 1895ರಾಗ ತಾನ ವಾರ್ಡಿನ ಗಾರ್ಬೇಜ್ ಇನ್ಸ್‌ಪೆಕ್ಟರ್ ಆದ್ಲು, ಮುಂಜಾನೆ ಎದ್ದು ಕಸದ ಗಾಡಿ ಹಿಂದ ಅಡ್ಡಾಡಿದ್ಲು. ಅಲ್ಲೇ ಇದ್ದ ಫ್ಲಾರೆನ್ಸ್ ಕೆಲ್ಲಿ ಫ್ಯಾಕ್ಟರಿ ಮಕ್ಕಳ ಪರಿಸ್ಥಿತಿ ಬರದು ಬರದು 1893ರಾಗ ಇಲಿನಾಯ್ ರಾಜ್ಯದ ಕಾನೂನೇ ಬರೋಹಂಗ ಮಾಡಿದ್ಲು. ಇದನ್ನೆಲ್ಲಾ ಓದಿ ನಮ್ಮ ಹುಡುಗ್ರು ಹುಬ್ಬಳ್ಳಿ ಸ್ಲಮ್ಮಿಗೆ ಹೋಗಿ "ಕೈ ತೊಳಕೊಳ್ಳೋ ವಿಧಾನ" ಚಾರ್ಟ್ ತೋರಿಸಿ ಬರ್ತಾರ, ನೀರು ಎಂಟು ದಿನಕ್ಕೊಮ್ಮೆ ಬರೋ ಓಣಿಗೆ.

ಅಮೇರಿಕಾದ್ದು ಆತು. ನಮ್ಮ ಕಡೆ ಇಂಥಾದ್ದು ಏನರ ಆಗೈತೇನು?

ಆಗೈತಿ, ಮತ್ತ ನಮ್ಮ ಕಾಲೇಜಿನ್ಯಾಗ ಯಾಕ ಅಷ್ಟು ಹೇಳೂದಿಲ್ಲೋ ನಂಗ ತಿಳಿಯೂದಿಲ್ಲ. ಕುಸನೂರ. ಈಗಿನ ಹಾವೇರಿ ಜಿಲ್ಲಾ, ಆಗ ಅದು ಧಾರವಾಡ ಜಿಲ್ಲಾದಾಗ ಇತ್ತು, 1997ರಾಗ ಬ್ಯಾರೆ ಆತು.

1984ರಾಗ ಸರ್ಕಾರ ಮತ್ತ ಹರಿಹರ ಪಾಲಿಫೈಬರ್ಸ್ ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಒಂದು ಕಂಪನಿ ಮಾಡಿದ್ವು, ಹತ್ತಿರ ಹತ್ತಿರ 75 ಸಾವಿರ ಎಕರೆ ಸಮುದಾಯದ ಜಮೀನಿನ್ಯಾಗ ನೀಲಗಿರಿ ಹಚ್ಚೂದು ಅಂತ. ಆ ಜಮೀನು ಅಂದ್ರ ಹಳ್ಳಿ ಮಂದಿ ದನಾ ಮೇಯಿಸೋದು, ಕಟಗಿ ತರೋದು, ಭೂಮಿ ಇಲ್ಲದವರ ಬದುಕು ಅದರ ಮ್ಯಾಲ ನಿಂತಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರದು, ಇದನ್ನ ಕೈಗೆ ತಗೊಂಡ್ತು. 1986ರಾಗ ಸುಪ್ರೀಂ ಕೋರ್ಟಿಗೆ ಅರ್ಜಿ, ಅದರಾಗ ಶಿವರಾಮ ಕಾರಂತರೂ ಇದ್ರು, ಮುಂದಿನ ವರ್ಷ ತಡೆಯಾಜ್ಞೆ ಸಿಕ್ತು. ಆಮ್ಯಾಲ 1987ರ ನವೆಂಬರ್ 14ಕ್ಕ ಕುಸನೂರಾಗ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ, ನೀಲಗಿರಿ ಸಸಿ ಕಿತ್ತು ಮಂದಿಗೆ ಉಪಯೋಗ ಬೀಳೋ ಗಿಡ ಹಚ್ಚಿದ್ರು. 1991ರಾಗ ಆ ಕಂಪನಿನ ಮುಚ್ಚೋ ನಿರ್ಣಯ ಆತು.

ಸೋಶಿಯಲ್ ವರ್ಕ್ ಓದೋರು ಇದರಾಗ ಏನ್ ನೋಡಬೇಕಂದ್ರ, ಕೋರ್ಟಿನ ಅರ್ಜಿ, ಹಳ್ಳಿಯೊಳಗಿನ ಸಭೆ, ಪೇಪರಿನ್ಯಾಗಿನ ಬರವಣಿಗಿ, ಬೀದಿ ಸತ್ಯಾಗ್ರಹ ಎಲ್ಲಾ ಒಂದರ ಜೋಡಿ ಒಂದು ನಡದಾವ, ಕೋರ್ಟ್ ನೋಡ್ಕೊಳ್ಳಲಿ ಅಂತ ಕೈ ಕಟ್ಟಿ ಕುಂತಿಲ್ಲ. ಬರೇ ಬೀದ್ಯಾಗ ಕುಂತಿದ್ರ ಕೇಸ್ ಬೀಳ್ತಿತ್ತು, ಬರೇ ಕೋರ್ಟಿಗೆ ಹೋಗಿದ್ರ ಹಳ್ಳಿಯೊಳಗ ಯಾರಿಗೂ ಸುದ್ದಿ ಇರ್ತಿರಲಿಲ್ಲ. ಮತ್ತ "ಬ್ಯಾಡ" ಅಂತ ಅಷ್ಟ ಹೇಳಲಿಲ್ಲ, ಕಿತ್ತ ಜಾಗಾದಾಗ ಏನು ಹಚ್ಚಬೇಕು ಅನ್ನೂದನ್ನೂ ಕೈಯಾಗ ಹಿಡಕೊಂಡು ಹೋಗಿದ್ರು, ಇದು ನಂಗ ಭಾಳ ಸೇರಿದ್ದು.

ಆತ್ರಿ, ಒಂದು ಕೇಸ್ ಬಂತು. ಮೊದಲ ದಿನ ಏನ್ ಮಾಡ್ಲಿ?

ಕೇಳ್ರಿ, ಪೂರ್ತಿ ಕೇಳ್ರಿ, ಮೊದಲ ಹತ್ತು ನಿಮಿಷದಾಗ ಹೇಳಿದ್ದು ಖರೇ ತೊಂದ್ರಿ ಆಗಿರೂದಿಲ್ಲ ಎಷ್ಟೋ ಸಲ. ಆಮ್ಯಾಲ "ನಿಮಗ ಏನ್ ಆಗಬೇಕು" ಅಂತ ಕೇಳ್ರಿ. ನೀವು ಮನಸ್ಸಿನ್ಯಾಗ ಎಫ್‌ಐಆರ್ ಅಂತ ಅಂದ್ಕೊಂಡಿರ್ತೀರಿ, ಅಕಿಗೆ ಮಕ್ಕಳ ಸಾಲಿ ಟಿಸಿ ಸಿಕ್ರ ಸಾಕಾಗಿರ್ತೈತಿ.

ಆಮ್ಯಾಲ ಕಾಗದ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಹಿಂದ ಕೊಟ್ಟ ಅರ್ಜಿ ಏನಿದ್ರೂ. ಎಲ್ಲಾದ್ರದೂ ಫೋಟೋ ತಗೋರಿ, ಒರಿಜಿನಲ್ ನಿಮ್ಮ ಹತ್ರ ಇಟ್ಕೋಬ್ಯಾಡ್ರಿ, ಎಂದೂ. ಅರ್ಜಿ ಬರಿಯೂದು ಅವರ ಹೆಸರಿನ್ಯಾಗ, ಅವರ ಸಹಿ ಇಲ್ಲಾ ಹೆಬ್ಬೆಟ್ಟು, ನಿಮ್ಮ ಸಂಸ್ಥಾದ ಲೆಟರ್‌ಹೆಡ್ ಬೇಕಂದ್ರ ಕವರಿಂಗ್ ಲೆಟರ್ ಅಷ್ಟ. ಎರಡು ಪ್ರತಿ ತಗೊಂಡು ಹೋಗಿ ಒಂದರ ಮ್ಯಾಲ ಠಸ್ಸೆ, ತಾರೀಖು, ಇನ್ವರ್ಡ್ ನಂಬರ್ ಹಾಕಿಸ್ಕೋರಿ. "ಇಟ್ಟು ಹೋಗ್ರಿ ನೋಡ್ತೀವಿ" ಅಂದ್ರ ನಗ್‌ನಗತಾ ಅಲ್ಲೇ ನಿಂದರ್ರಿ. ಠಸ್ಸೆ ಇಲ್ಲದ ಅರ್ಜಿ ಕೊಟ್ಟಂಗ ಅಲ್ಲ, ಮುಂದ ಯಾವ ಮ್ಯಾಲಿನ ಆಫೀಸಿಗೆ ಹೋದ್ರೂ ಮೊದಲು ಕೇಳೂದು ಅದನ್ನ. ತಗೊಳ್ಳಲೇ ಇಲ್ಲ ಅಂದ್ರ ರಜಿಸ್ಟರ್ಡ್ ಇಲ್ಲಾ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೋರಿ.

ಸಕಾಲ ಸೇವಾ ಆಗಿದ್ರ ಜಿಎಸ್‌ಸಿ ನಂಬರ್ (ಸಕಾಲ ಅರ್ಜಿಗೆ ಕೊಡೋ ನಂಬರ್) ಇಲ್ಲದ ಹೊರಗ ಬರಬ್ಯಾಡ್ರಿ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿ ಐತಿ, ಟೈಮಿಗೆ ಕೊಡಲಿಲ್ಲಂದ್ರ ದಿನಕ್ಕ 20 ರೂಪಾಯಿಹಂಗ 500 ರೂಪಾಯಿ ತನಕ ಪರಿಹಾರ ಕೇಳೋ ಹಕ್ಕೈತಿ. 500 ರೂಪಾಯಿ ಯಾವ ಮಹಾ ಅಂತೀರಿ, ಆದ್ರ ಆ ರೊಕ್ಕ ತಡಾ ಮಾಡಿದ ನೌಕರರ ಪಗಾರದಾಗ ಕಟ್ ಆಗೋ ವ್ಯವಸ್ಥಾ ಇರೂದರಿಂದ ಅಪೀಲ್ ಅನ್ನೋ ಶಬ್ದ ಕೇಳಿದ ಕೂಡ್ಲೇ ಫೈಲಿಗೆ ಕಾಲು ಬರ್ತಾವ.

ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕೂದು ಚಲೋನೋ ಕೆಟ್ಟೋ? ಆಫೀಸಿನವರು ಸಿಟ್ಟಾಗ್ತಾರ.

ಮೊದಲನೇ ಅಸ್ತ್ರ ಮಾಡ್ಕೋಬ್ಯಾಡ್ರಿ. ಮಾತಿನ್ಯಾಗ ಆಗೋ ಕೆಲಸಕ್ಕ ಆರ್‌ಟಿಐ ಹಾಕಿ ಸಂಬಂಧ ಕೆಡಿಸ್ಕೊಂಡ್ರ ಅದ ಆಫೀಸಿಗೆ ಮುಂದಿನ ವಾರ ಇನ್ನೊಂದು ಕೇಸ್ ತಗೊಂಡು ಹೋಗೋರು ನೀವ. ಆದ್ರ ಎರಡು ಸಲ ಅರ್ಜಿ ಕೊಟ್ಟು ಉತ್ರ ಬರಲಿಲ್ಲಂದ್ರ ಹಾಕ್ರಿ, ಹೆದರಬ್ಯಾಡ್ರಿ. 2005ರ ಕಾಯ್ದೆ, 10 ರೂಪಾಯಿ ಫೀ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ, 30 ದಿನದಾಗ ಉತ್ರ ಕೊಡಬೇಕು, ಜೀವಕ್ಕ ಇಲ್ಲಾ ಸ್ವಾತಂತ್ರ್ಯಕ್ಕ ಸಂಬಂಧಪಟ್ಟಿದ್ದಾದ್ರ 48 ತಾಸಿನ್ಯಾಗ. ಉತ್ರ ಬರಲಿಲ್ಲಂದ್ರ 30 ದಿನದಾಗ ಮೊದಲನೇ ಅಪೀಲು, ಆಮ್ಯಾಲ 90 ದಿನದಾಗ ಮಾಹಿತಿ ಆಯೋಗಕ್ಕ ಎರಡನೇದು.

ಹೊರಗಿಂದ ಬಂದವರಿಗೆ ಗೊತ್ತಿರದ ಒಂದು ವಿಷಯ: ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದ ವಿಷಯಕ್ಕ ಇರಬೇಕು, 150 ಶಬ್ದ ದಾಟಬಾರ್ದು. ನಾಕು ಪುಟ ಸಂಕಟ ತೋಡ್ಕೊಂಡು ಬರದ್ರ ವಾಪಸ್ ಬರ್ತೈತಿ. "ಇಂಥಾ ತಾರೀಖಿನ ಇಂಥಾ ನಂಬರಿನ ಅರ್ಜಿ ಮ್ಯಾಲ ತಗೊಂಡ ಕ್ರಮದ ಪ್ರತಿ ಕೊಡ್ರಿ" ಅಂತ ಒಂದ ಸಾಲು ಸಾಕು. ಯಾಕ, ಏನು, ಹೆಂಗ ಅಂತ ಪ್ರಶ್ನಾ ಕೇಳಬ್ಯಾಡ್ರಿ, ದಾಖಲಿ ಕೇಳ್ರಿ.

ಕ್ಲೈಂಟ್ ಬ್ಯಾಡ ಅಂದ್ರ? ಗಂಡ ಹೊಡಿತಾನ, ಕಣ್ಣಾರೆ ನೋಡೀನಿ, ಅಕಿ ಕಂಪ್ಲೇಂಟ್ ಬ್ಯಾಡ ಅಂತಾಳ.

ಇದು ಎಲ್ಲಾಕ್ಕಿಂತ ತ್ರಾಸಿನ ಪ್ರಶ್ನಾ, ಮತ್ತ ಪ್ರತಿ ಬ್ಯಾಚಿನ್ಯಾಗೂ ಒಬ್ಬರರ ಕಣ್ಣೀರ ಹಾಕ್ಕೊಂಡ ಕೇಳ್ತಾರ.

ಅಕಿ ವಯಸ್ಸಿಗೆ ಬಂದಾಕಿ ಇದ್ರ ನಿರ್ಣಯ ಅಕಿದು. ನಿಮಗ ಎಷ್ಟ ಸಿಟ್ಟು ಬಂದ್ರೂ. ಯಾಕಂದ್ರ ನೀವು ಠಾಣೆಕ್ಕ ಹೋಗಿ ಬಂದು ನಿಮ್ಮ ರೂಮಿನ್ಯಾಗ ಮಲಗ್ತೀರಿ, ಅಕಿ ಆ ಮನಿಯೊಳಗ ಮಲಗಬೇಕು, ಅವನ ತಾಯಿ ಮುಂದ, ಊರಿನ ಹಿರೇರ ಮುಂದ. ಅಕಿ ಬ್ಯಾಡ ಅನ್ನೂದರ ಹಿಂದ ಲೆಕ್ಕ ಇರ್ತೈತಿ, ಮಕ್ಕಳ ಪರೀಕ್ಷಾ ಮುಗೀಲಿ ಅಂತ ಇರಬಹುದು, ತವರಮನಿಯವರು ಬ್ಯಾಡ ಅಂದಿರಬಹುದು, ಸಂಘದ ಸಾಲ ಅಕಿ ಹೆಸರಿನ್ಯಾಗಿರಬಹುದು. ಆ ಲೆಕ್ಕ ಏನಂತ ಕೇಳಿ ತಿಳ್ಕೊಳ್ಳೂದು ನಿಮ್ಮ ಕೆಲಸ.

ಆದ್ರ ಸುಮ್ಮಕ ಎದ್ದು ಬರಬ್ಯಾಡ್ರಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ಗಂಡನ್ನ ಜೈಲಿಗೆ ಕಳಸದೆನ ರಕ್ಷಣಾ ಆದೇಶ, ಅದ ಮನಿಯೊಳಗ ಇರೋ ಹಕ್ಕು, ಖರ್ಚಿಗೆ ರೊಕ್ಕ ಕೇಳಬಹುದು, ನಮ್ಮ ರಾಜ್ಯದಾಗ ಸಿಡಿಪಿಓನ ರಕ್ಷಣಾಧಿಕಾರಿ ಇರ್ತಾರ, ತ್ರಾಸಿನ್ಯಾಗ ಇದ್ದ ಹೆಣ್ಮಕ್ಕಳಿಗೆ ಸಖಿ ಸೆಂಟರ್ ಐತಿ, 181 ಸಹಾಯವಾಣಿ ಐತಿ. ಇದನ್ನೆಲ್ಲಾ ಹೇಳ್ರಿ. ಕಂಪ್ಲೇಂಟ್ ಅಂದ್ರ ಸಂಸಾರ ಮುರೀತು ಅಂತ ಅಷ್ಟ ಗೊತ್ತಿರ್ತೈತಿ ಅವರಿಗೆ, ನಡುವ ಇಷ್ಟು ಮೆಟ್ಟಲಾ ಅದಾವ ಅಂತ ಯಾರೂ ಹೇಳಿರೂದಿಲ್ಲ. ಗಾಯ ಆಗಿದ್ರ ದವಾಖಾನ್ಯಾಗ ಬರಸ್ರಿ, ಇವತ್ತು ಬ್ಯಾಡ ಅಂದ್ರೂ ಎರಡು ವರ್ಷದ ನಂತ್ರ ಆ ಚೀಟಿ ಬೇಕಾಗಬಹುದು.

ಒಂದು ಕಡೆ ಮಾತ್ರ ನಿಮಗ ಆಯ್ಕೆ ಇಲ್ಲ. 18ರ ಕೆಳಗಿನ ಮಗುವಿನ ಮ್ಯಾಲ ಲೈಂಗಿಕ ದೌರ್ಜನ್ಯ ಆಗೈತಿ ಅಂತ ಗೊತ್ತಾತಂದ್ರ ಪೋಕ್ಸೋ ಕಾಯ್ದೆ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಸಲೇಬೇಕು, ಮನಿಯವರು ಮರ್ಯಾದಿ ಅಂತ ಎಷ್ಟ ಕೈ ಮುಗದ್ರೂ. ತಿಳಸಲಿಲ್ಲಂದ್ರ ಆರು ತಿಂಗಳ ತನಕ ಶಿಕ್ಷಾ ನಿಮಗೂ ಆಗಬಹುದು. 1098ಕ್ಕ ಫೋನ್ ಮಾಡಿದ್ರ ಮಕ್ಕಳ ಸಹಾಯವಾಣಿ ಮಂದಿ ಬರ್ತಾರ. ಇದನ್ನ ಮಗು ಮತ್ತ ತಾಯಿ ಮುಂದ ಮೊದಲ ದಿನಾನ ಹೇಳಿಬಿಡ್ರಿ, "ಯಾರಿಗೂ ಹೇಳೂದಿಲ್ಲ" ಅಂತ ಆಣಿ ಪ್ರಮಾಣ ಮಾಡಿ ಆಮ್ಯಾಲ ಠಾಣೆಕ್ಕ ಹೋದ್ರ ಆ ಕೂಸು ಮತ್ತ ಯಾರನ್ನೂ ನಂಬೂದಿಲ್ಲ.

ನಾನು ದವಾಖಾನ್ಯಾಗ ಕೆಲಸ ಮಾಡ್ತೀನಿ. ಪಗಾರ ಕೊಡೋರ ವಿರುದ್ಧ ಪೇಷಂಟ್ ಪರ ಹೆಂಗ ಮಾತಾಡೂದು?

ವಿರುದ್ಧ ಅನ್ನೂದ ಬ್ಯಾಡ. ಕಾನೂನು ದವಾಖಾನಿಗೆ ಏನ್ ಮಾಡು ಅಂತ ಹೇಳೈತೋ ಅದನ್ನ ನೆನಪ ಮಾಡೂದು. ಧಾರವಾಡದಾಗ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥಾ) ಇರೂದರಿಂದ ನಮ್ಮ ಭಾಗದ ಭಾಳ ಹುಡುಗ್ರು ಸೈಕಿಯಾಟ್ರಿಕ್ ಸೆಟ್ಟಿಂಗಿನ್ಯಾಗ ಫೀಲ್ಡ್‌ವರ್ಕ್ ಮಾಡ್ತಾರ, ಅವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೈಯಾಗ ಇರಬೇಕು. ಅದರಾಗ 19ನೇ ಸೆಕ್ಷನ್ ಓದ್ರಿ: ಮನಿಯವರು ಇಲ್ಲ, ಮನಿಯವರು ಒಲ್ಲೆ ಅಂತಾರ, ಇರಾಕ ಮನಿ ಇಲ್ಲ ಅನ್ನೋ ಕಾರಣಕ್ಕ ಅಷ್ಟ ಒಬ್ಬರನ್ನ ಮಾನಸಿಕ ಆಸ್ಪತ್ರಿಯೊಳಗ ಇಟ್ಕೊಂಡ ಇರೋ ಹಂಗಿಲ್ಲ. ಎಲ್ಲಾ ಊರಿನ ಮಾನಸಿಕ ದವಾಖಾನ್ಯಾಗೂ ಗುಣ ಆಗಿ ಹೋಗಾಕ ಜಾಗಾ ಇಲ್ಲದ ಕುಂತ ಮಂದಿ ಇರ್ತಾರ, ಅವರ ಪರ ಮಾತಾಡಾಕ ನಿಮಗ ಇದಕ್ಕಿಂತ ಗಟ್ಟಿ ಆಧಾರ ಬ್ಯಾರೆ ಬೇಕಾಗಿಲ್ಲ.

ನಾಮನಿರ್ದೇಶಿತ ಪ್ರತಿನಿಧಿ ಅಂತ ಐತಿ ಅದರಾಗ, ಚಿಕಿತ್ಸಾದ ವಿಷಯದಾಗ ತನ್ನ ಪರ ನಿಂದ್ರಾಕ ಪೇಷಂಟ್ ತನಗ ಬೇಕಾದವರನ್ನ ಬರದು ಕೊಡಬಹುದು, ಗಂಡನ ಆಗಬೇಕು ಅಣ್ಣನ ಆಗಬೇಕು ಅಂತೇನಿಲ್ಲ. ಆಸ್ತಿ ಜಗಳ ಇದ್ದ ಮನಿಯೊಳಗ ಇದು ಎಷ್ಟು ದೊಡ್ಡ ಮಾತು ಅನ್ನೂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಾರ್ಡಿನ್ಯಾಗ ಮಾತ್ರ ಭಾಷಣ ಹೊಡಿಬ್ಯಾಡ್ರಿ. ಕೇಸ್ ಫೈಲಿನ್ಯಾಗ ಬರೀರಿ, ಟೀಮ್ ಮೀಟಿಂಗಿನ್ಯಾಗ ಹೇಳ್ರಿ, ಆಗಲಿಲ್ಲಂದ್ರ ಸುಪರ್‌ವೈಸರಗೆ ಬರದು ಕೊಡ್ರಿ. ಬರದಿದ್ದು ಉಳಿತೈತಿ.

ವಕೀಲರನ್ನ ಯಾವಾಗ ಕರೀಬೇಕು?

ತಾರೀಖು ಹಾಕಿದ ನೋಟೀಸ್ ಬಂದ್ರ, ಆಸ್ತಿ ವಿಷಯ ಇದ್ರ, ಜೈಲು ಬೇಲು ಅಂತ ಬಂದ್ರ, ಆವಾಗ ನೀವು ಒಂದು ಹೆಜ್ಜಿ ಹಿಂದ ಸರೀರಿ. ಕಾನೂನಿನ ಸಲಹಾ ಕೊಡಾಕ ಹೋಗಬ್ಯಾಡ್ರಿ. ರೊಕ್ಕ ಇಲ್ಲ ಅಂತ ಚಿಂತಿ ಬ್ಯಾಡ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಮಕ್ಕಳು, ಮಕ್ಕಳು, ಎಸ್‌ಸಿ ಎಸ್‌ಟಿ, ಅಂಗವಿಕಲರು, ಕಸ್ಟಡಿಯೊಳಗಿದ್ದವರು ಇವರಿಗೆಲ್ಲಾ ಫುಕಟ್ ವಕೀಲರು ಸಿಗ್ತಾರ, ಆದಾಯ ಎಷ್ಟು ಅಂತ ಕೇಳೂದಿಲ್ಲ. ಜಿಲ್ಲಾ ಕೋರ್ಟಿನ್ಯಾಗ ಆಫೀಸ್ ಇರ್ತೈತಿ, ತಾಲೂಕಿಗೂ ಸಮಿತಿ ಐತಿ, ಫೋನ್ 15100. ಹೈಕೋರ್ಟ್ ತನಕ ಹೋಗೋದಾದ್ರೂ ಮೊದಲಿನಂಗ ಬೆಂಗಳೂರಿಗೆ ರಾತ್ರಿ ಬಸ್ ಹಿಡಿಯೋ ಕಾಲ ಹೋತು, 2008ರಾಗ ಧಾರವಾಡಕ್ಕ ಸಂಚಾರಿ ಪೀಠ ಬಂತು, 2013ರಿಂದ ಅದು ಕಾಯಂ ಆತು. ಆ ಪೀಠ ಬಂದದ್ದೂ ಈ ಭಾಗದ ವಕೀಲರು, ಮಂದಿ ವರ್ಷಗಟ್ಟಲೆ ಗುದ್ದಾಡಿದ್ದಕ್ಕ.

ಎಮ್ಮೆಲ್ಲೆ, ಸ್ವಾಮಿಗಳು, ಸಂಘಟನಾದವರು ಇವರ ಹತ್ರ ಹೋಗಬಹುದಾ?

ಹೋಗಬಹುದು, ಕ್ಲೈಂಟ್ ಒಪ್ಪಿದ್ರ. 2011ರಾಗ ಗದಗ ಜಿಲ್ಲಾದ ಹಳ್ಳಿಗುಡಿ ಕಡೆ ಪೋಸ್ಕೋ ಸ್ಟೀಲ್ ಫ್ಯಾಕ್ಟರಿ ಸಲುವಾಗಿ ಜಮೀನು ತಗೋತೀವಿ ಅಂದಾಗ ರೈತರ ಜೋಡಿ ಗದಗ ತೋಂಟದಾರ್ಯ ಮಠದ ಆಗಿನ ಸಿದ್ಧಲಿಂಗ ಸ್ವಾಮಿಗಳು ನಿಂತ್ರು, ಸರ್ಕಾರ ಆ ಯೋಜನಾ ಕೈಬಿಡ್ತು. ನಮ್ಮ ಕಡೆ ಮಠದ ಮಾತಿಗೆ ಇರೋ ತೂಕ ಪಠ್ಯಪುಸ್ತಕದಾಗ ಬರದಿಲ್ಲ, ಅಷ್ಟಕ್ಕ ಅದನ್ನ ಬಿಟ್ಟು ಕೆಲಸ ಮಾಡ್ತೀನಿ ಅಂದ್ರ ಆಗೂದಿಲ್ಲ. ಆದ್ರ ಒಬ್ಬ ಬಡವಿಯ ಖಾಸಗಿ ಕೇಸ್ ತಗೊಂಡು ಎಲೆಕ್ಷನ್ ಟೈಮಿನ್ಯಾಗ ಸ್ಟೇಜ್ ಹತ್ತಿಸೋರ ಕೈಯಾಗ ಕೊಡಬ್ಯಾಡ್ರಿ. ಫೋಟೋ ಅವರಿಗೆ ಸಿಗ್ತೈತಿ, ಕೆಲಸ ಇಕಿಗೆ ಆಗಿರೂದಿಲ್ಲ.

ಪೇಪರಿಗೆ ಕೊಡ್ಲಾ? ಇನ್‌ಸ್ಟಾದಾಗ ವಿಡಿಯೋ ಹಾಕಿದ್ರ ಬೇಗ ಕೆಲಸ ಆಕ್ಕೈತಲ್ರಿ.

ಆಕ್ಕೈತಿ, ಕೆಲವೊಮ್ಮೆ ಒಂದ ದಿನದಾಗ. ಆಮ್ಯಾಲ ಆ ವಿಡಿಯೋ ಅಲ್ಲೇ ಉಳಿತೈತಿ, ಅಕಿ ಮಗಳ ಲಗ್ನದ ಮಾತುಕತಿ ಹೊತ್ತಿಗೆ ಯಾರೋ ತಗದು ತೋರಿಸ್ತಾರ. ಮಕ್ಕಳ ಕೇಸಿನ್ಯಾಗ ಗುರುತು ಸಿಗೋ ಹಂಗ ಏನ ಹಾಕಿದ್ರೂ ಪೋಕ್ಸೋ 23, ಬಾಲನ್ಯಾಯ ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಅಪರಾಧ, ಮುಖ ಬ್ಲರ್ ಮಾಡಿ ಊರು, ಸಾಲಿ, ಅಪ್ಪನ ಅಂಗಡಿ ತೋರಿಸಿದ್ರೂ ಅದ. ಸಮಸ್ಯಾದ್ದು ಫೋಟೋ ಹಾಕ್ರಿ, ಮುಚ್ಚಿದ ಅಂಗನವಾಡಿ, ಒಡದ ಚರಂಡಿ, ಬರದ ನೀರಿನ ನಳ.

ನಮ್ಮ ಎನ್‌ಜಿಓ ಫಂಡಿಂಗ್ ಹೋಗ್ತೈತಿ ಅಂತ ಹೆದರ್ತಾರ. ಖರೇನಾ?

ಅರ್ಧ ಖರೇ. ಫಾರಿನ್ ರೊಕ್ಕ ತಗೊಳ್ಳೋ ಸಂಸ್ಥಾಗೋಳು ಎಫ್‌ಸಿಆರ್‌ಎ ಕಾಯ್ದೆ ಕೆಳಗ ಬರ್ತಾವ, 2020ರ ತಿದ್ದುಪಡಿ ಆದಮ್ಯಾಲ ಒಂದು ಸಂಸ್ಥಾದಿಂದ ಇನ್ನೊಂದಕ್ಕ ಆ ರೊಕ್ಕ ಕೊಡೋ ಹಂಗಿಲ್ಲ, ಆಡಳಿತ ಖರ್ಚು 20 ಪರ್ಸೆಂಟ್ ದಾಟೋ ಹಂಗಿಲ್ಲ, ಹಿಂಗಾಗಿ ಸಣ್ಣ ಸಂಸ್ಥಾಗೋಳು ಭಾಳ ಹೈರಾಣ ಆದ್ವು. ಆದ್ರ ಅದ ವರ್ಷ ಸುಪ್ರೀಂ ಕೋರ್ಟು ಒಂದು ಮಾತು ಹೇಳೈತಿ: ರಾಜಕೀಯ ಉದ್ದೇಶ ಇಲ್ಲದ ಮಂದಿ ಹಕ್ಕಿನ ಸಲುವಾಗಿ ಬಂದ್, ಹರತಾಳಕ್ಕ ಬೆಂಬಲ ಕೊಟ್ರು ಅನ್ನೋ ಕಾರಣಕ್ಕ ಅಷ್ಟ ಅಂಥಾ ಸಂಸ್ಥಾನ್ನ ರಾಜಕೀಯ ಸಂಘಟನಾ ಅನ್ನೋ ಹಂಗಿಲ್ಲ ಅಂತ. ಅಜ್ಜಿ ಪಗಾರ ಕೊಡಸೂದು, ಅಂಗವಿಕಲ ಹುಡುಗಗ ಯುಡಿಐಡಿ ಕಾರ್ಡ್ ಮಾಡಸೂದು, ಗ್ರಾಮಸಭಾದಾಗ ಹೆಣ್ಮಕ್ಕಳಿಗೆ ಮೈಕ್ ಕೊಡಸೂದು ಇದ್ಯಾವುದೂ ಕಾನೂನುಬಾಹಿರ ಅಲ್ಲ. ನಂಗನಿಸಿದ ಮಟ್ಟಿಗೆ ಎಷ್ಟೋ ಕಡೆ ಫಂಡಿಂಗ್ ಅನ್ನೂದು ನೆವ ಅಷ್ಟ, ಆಫೀಸರ್ ಜೋಡಿ ಮಾರಿ ಕೆಡಿಸ್ಕೊಳ್ಳಾಕ ಮನಸ್ಸಿರೂದಿಲ್ಲ.

ನೀವು ಸರ್ಕಾರಿ ನೌಕರರಾಗಿದ್ರ 2021ರ ನಡತೆ ನಿಯಮ ಒಮ್ಮೆ ಓದ್ಕೋರಿ, ಪ್ರೆಸ್ ಮುಂದ ಮಾತಾಡಾಕ ನಿರ್ಬಂಧ ಅದಾವ. ಫೈಲಿನ್ಯಾಗ ನಿಯಮ ಬರದು ಇಡಾಕ ಯಾವ ನಿರ್ಬಂಧಾನೂ ಇಲ್ಲ.

ನಾವು ಕೇಳಿದ್ದಕ್ಕ ಕ್ಲೈಂಟಿಗೆ ತ್ರಾಸ ಕೊಟ್ರ?

ಕೊಡ್ತಾರ. ರೇಷನ್ ಅಂಗಡಿಯವ ಮುಂದಿನ ತಿಂಗಳ ಸರ್ವರ್ ಇಲ್ಲ ಅಂತಾನ, ಉದ್ಯೋಗ ಖಾತ್ರಿಯ ಮೇಟ್ (ಕೂಲಿ ಗುಂಪಿನ ಮುಂದಾಳು) ಕೆಲಸಕ್ಕ ಕರಿಯೂದಿಲ್ಲ. ಅದಕ್ಕ ಅರ್ಜಿ ಕೊಡೋಕಿಂತ ಮೊದಲ ಇದನ್ನ ಅವರ ಜೋಡಿ ಬಿಚ್ಚಿ ಮಾತಾಡ್ರಿ, ಯಾರು ಸಿಟ್ಟಾಗಬಹುದು, ಆದ್ರ ಏನ್ ಮಾಡಬಹುದು, ನಾವು ಏನ್ ಮಾಡೂದು. ಮತ್ತ ಆದಷ್ಟು ಒಬ್ಬರ ಹೆಸರಿನ್ಯಾಗ ಬ್ಯಾಡ, ಸ್ವಸಹಾಯ ಸಂಘದ ಹೆಸರಿನ್ಯಾಗ, ಓಣಿ ಹೆಸರಿನ್ಯಾಗ ಕೊಡ್ರಿ, ಇಪ್ಪತ್ತು ಸಹಿ ಇದ್ದ ಅರ್ಜಿಗೆ ಯಾರ ಮ್ಯಾಲ ಅಂತ ಹಲ್ಲು ಕಡೀತಾರ.

ಕೇಸ್ ಯಾವಾಗ ಮುಗೀತು ಅನ್ನೂದು? ರಿಪೋರ್ಟಿನ್ಯಾಗ ಏನ್ ಬರೀಲಿ?

ಆದೇಶ ಬಂತು ಅಂತ ಕ್ಲೋಸ್ ಮಾಡಬ್ಯಾಡ್ರಿ. ಆದೇಶ ಬಂದು ರೊಕ್ಕ ಬರದ ಇರೋ ಕೇಸ್ ಬೇಕಾದಷ್ಟು ಅದಾವ. ಎರಡು ಸಲ ಖಾತೆಕ್ಕ ಬಂದದ್ದು ಪಾಸ್‌ಬುಕ್ಕಿನ್ಯಾಗ ನೋಡಿ ಆಮ್ಯಾಲ ಮುಚ್ಚರಿ. ರಿಪೋರ್ಟಿನ್ಯಾಗ "ಕ್ಲೈಂಟಿಗೆ ಅಡ್ವೊಕಸಿ ಒದಗಿಸಲಾಯಿತು" ಅಂತ ಬರದ್ರ ನಾ ವಾಪಸ್ ಕೊಡ್ತೀನಿ. ಯಾವ ತಾರೀಖಿಗೆ ಯಾವ ಟೇಬಲ್, ಏನ್ ಕೇಳಿದ್ರಿ, ಅವರೇನಂದ್ರು, ಯಾವ ನಿಯಮ ತೋರಿಸಿದ್ರಿ, ಮತ್ತ ಆ ದಿನ ಮಾತಾಡಿದ್ದು ಯಾರು, ನೀವೋ ಅಜ್ಜಿನೋ. ಮೊದಲನೇ ಸಲ ನೀವು ಮಾತಾಡಿರ್ತೀರಿ, ಮೂರನೇ ಸಲಾನೂ ನೀವ ಮಾತಾಡಿದ್ರ ಎಲ್ಲೋ ಏನೋ ಜರಾ ತಪ್ಪಾಕತ್ತೈತಿ, ಸುಪರ್‌ವೈಸರ್ ಜೋಡಿ ಕುಂತು ನೋಡ್ರಿ. ಮುಚ್ಚೋ ಹೊತ್ತಿನ್ಯಾಗ ಠಸ್ಸೆ ಬಿದ್ದ ಅರ್ಜಿಯ ಪ್ರತಿಗಳು, ಜಿಎಸ್‌ಸಿ ನಂಬರ್, ಆಫೀಸಿನ ಹೆಸರು ಎಲ್ಲಾ ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಅವರ ಕೈಯಾಗ ಕೊಡ್ರಿ, ನಿಮ್ಮ ಫೈಲಿನ್ಯಾಗ ಝೆರಾಕ್ಸ್ ಇದ್ರ ಸಾಕು.